ಚಂದ್ರನ ಫೋಟೊ ಶಾರ್ಪ್ ಆಗಬೇಕಾ? ಲೆನ್ಸ್ ಅಂಗಡಿಗೆ ಹೋಗುವ ಮುಂಚೆ ಗೋಡೆಯ ಕ್ಯಾಲೆಂಡರ್ ನೋಡಿ

ಪ್ರಶ್ನೆ: ನನ್ನ ಹತ್ತಿರ ಎಪಿಎಸ್-ಸಿ ಸೆನ್ಸರಿನ ಡಿಎಸ್‌ಎಲ್‌ಆರ್, 70-300 ಮಿ.ಮೀ. ಜೂಮ್ ಲೆನ್ಸ್, ಒಂದು ಹಗುರ ಟ್ರೈಪಾಡ್ ಇದೆ. ಹುಣ್ಣಿಮೆ ದಿನ ತಾರಸಿಯಿಂದ ಆಟೋದಲ್ಲಿ ತೆಗೆದರೆ ಚಂದ್ರ ಬರೀ ಬಿಳಿ ಬಿಲ್ಲೆ. ಮ್ಯಾನ್ಯುಯಲ್‌ಗೆ ಹಾಕಿ ಎಫ್/22, ಐಎಸ್‌ಒ 100, 1/25 ಸೆಕೆಂಡ್ ಇಟ್ಟೆ. ಕಲೆಗಳು ಕಂಡವು, ಆದರೆ ದೊಡ್ಡದು ಮಾಡಿ ನೋಡಿದರೆ ಎಲ್ಲ ಮಸುಕು. ಒಂದು ಕುಳಿಯ ಅಂಚೂ ಸರಿಯಾಗಿ ಕಾಣಲ್ಲ. ಗೆಳೆಯನ ಮೊಬೈಲ್‌ನಲ್ಲೇ ಇದಕ್ಕಿಂತ ಚೆನ್ನಾಗಿ ಬರುತ್ತೆ. 600 ಮಿ.ಮೀ. ಲೆನ್ಸ್ ತಗೊಳ್ಳಲಾ?

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದಿರುವ ಆ ಮೂರು ಅಂಕಿಗಳಲ್ಲೇ ಅರ್ಧ ಉತ್ತರ ಇದೆ. ಬೆಳಕಿನ ಲೆಕ್ಕ ಸರಿಯಾಗಿದೆ, ಅದಕ್ಕೇ ಕಲೆಗಳು ಕಂಡವು. ಆದರೆ ಆ ಬೆಳಕನ್ನು ಹಿಡಿದ ರೀತಿ ಚಂದ್ರನಿಗೆ ಆಗಿಬರಲ್ಲ. ಎಫ್/22, ಅಂದರೆ ಲೆನ್ಸಿನ ಕಿಂಡಿ (ಅಪರ್ಚರ್) ತೀರಾ ಕಿರಿದು, ಒಂದು ತಪ್ಪು. 1/25, ಅಂದರೆ ಶಟರ್ ತೀರಾ ನಿಧಾನ, ಇನ್ನೊಂದು. ಹುಣ್ಣಿಮೆ ಮೂರನೆಯದು. ಮೂರನ್ನೂ ಬದಲಿಸಲು ಒಂದು ರೂಪಾಯಿ ಖರ್ಚಿಲ್ಲ.

ಬಿಳಿ ಬಿಲ್ಲೆಯ ವಿಷಯ ಮೊದಲು ಮುಗಿಸಿಬಿಡೋಣ. ರಾತ್ರಿ ಫೋಟೊ ಅಂದ ತಕ್ಷಣ ಜಾಸ್ತಿ ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನುವ ಅಂಕಿ), ನಿಧಾನ ಶಟರ್ ಅಂತ ಕೈ ತಾನಾಗೇ ಹೋಗುತ್ತೆ. ಆದರೆ ನಮಗೆ ರಾತ್ರಿ, ನಮಗೆ ಹೊಳೆದು ಕಾಣುವ ಚಂದ್ರನ ಆ ಭಾಗದಲ್ಲಿ ಹಗಲು. ನೀವು ತೆಗೆಯುತ್ತಿರುವುದು ಬಿಸಿಲು ಬಿದ್ದ ಬೂದು ಕಲ್ಲುಮಣ್ಣಿನ ಫೋಟೊ. ಹುಣ್ಣಿಮೆಗೆ ಒಂದು ಹಳೆಯ ಲೆಕ್ಕ ಇದೆ. ಅಪರ್ಚರ್ ಎಫ್/11ಕ್ಕೆ ಇಡಿ, ಐಎಸ್‌ಒ 100 ಆದರೆ ಶಟರ್ 1/100, ಐಎಸ್‌ಒ 200 ಆದರೆ 1/200. ನಿಮ್ಮ ಎಫ್/22 ಮತ್ತು 1/25 ಕೂಡ ಬೆಳಕಿನಲ್ಲಿ ಇದಕ್ಕೇ ಸಮ. ಆಟೋ ಯಾಕೆ ಕೈಕೊಡುತ್ತೆ ಅಂದ್ರೆ, ಚೌಕಟ್ಟಿನ ತುಂಬ ಕಪ್ಪು ಆಕಾಶ ಇರುತ್ತೆ. ಆ ಕಪ್ಪನ್ನು ಬೆಳ್ಳಗೆ ಮಾಡಲು ಹೋಗಿ ಕ್ಯಾಮೆರಾ ಚಂದ್ರನನ್ನು ಸುಟ್ಟುಹಾಕುತ್ತೆ.

ಈಗ ಎಫ್/22. ಅಪರ್ಚರ್ ಕಿರಿದಾದಷ್ಟೂ ಶಾರ್ಪ್ ಅಂತ ನಾವೆಲ್ಲ ಎಲ್ಲೋ ಕೇಳಿರುತ್ತೇವೆ. ಅದು ಹತ್ತಿರದ ಬಂಡೆ, ದೂರದ ಬೆಟ್ಟ ಎರಡೂ ಫೋಕಸ್‌ನಲ್ಲಿ ಬೇಕಾದಾಗ ಹೇಳುವ ಮಾತು. ಚಂದ್ರ ಸರಾಸರಿ 3,84,400 ಕಿ.ಮೀ. ದೂರದಲ್ಲಿದ್ದಾನೆ. ಲೆನ್ಸಿಗೆ ಅಲ್ಲಿ ಹತ್ತಿರ, ದೂರ ಅಂತ ಏನೂ ಇಲ್ಲ. ಹಾಗಾಗಿ ಕಿಂಡಿ ಕಿರಿದು ಮಾಡಿ ಏನೂ ಸಿಗಲ್ಲ, ಕಳೆದುಕೊಳ್ಳುವುದು ಮಾತ್ರ ಬಹಳ. ಕಿಂಡಿ ಸಣ್ಣದಾದಷ್ಟೂ ಅದರೊಳಗೆ ಹಾದುಬರುವ ಬೆಳಕು ಹರಡಿಕೊಳ್ಳುತ್ತೆ. 300 ಮಿ.ಮೀ.ನಲ್ಲಿ ಎಫ್/22 ಅಂದರೆ ಕಿಂಡಿಯ ಅಗಲ 14 ಮಿ.ಮೀ. ಕೂಡ ಇಲ್ಲ. ಅಷ್ಟು ಸಣ್ಣ ಕಿಂಡಿಯಿಂದ ನೋಡಿದರೆ ಚಂದ್ರನ ಮೇಲೆ ಸುಮಾರು 16 ಕಿ.ಮೀ.ಗಿಂತ ಚಿಕ್ಕ ವಿವರ ಬೇರೆಯಾಗಿ ಕಾಣಲ್ಲ. ಎಫ್/8ಕ್ಕೆ ಬಂದರೆ ಕಿಂಡಿ 37 ಮಿ.ಮೀ. ಆಗುತ್ತೆ. ಆಗ ಸುಮಾರು 6 ಕಿ.ಮೀ.ವರೆಗೆ ಇಳಿಯಬಹುದು. ಅದೇ ಲೆನ್ಸ್, ಅದೇ ಕ್ಯಾಮೆರಾ, ಒಂದು ಚಕ್ರ ತಿರುಗಿಸಿದ್ದಷ್ಟೇ. ಹಾಗಂತ ಪೂರ್ತಿ ತೆರೆದೂ ಬಿಡಬೇಡಿ. ಈ ಜಾತಿಯ ಜೂಮ್‌ಗಳು 300ರ ತುದಿಯಲ್ಲಿ ಪೂರ್ತಿ ತೆರೆದಾಗ ಸ್ವಲ್ಪ ಮೆತ್ತಗಿರುತ್ತವೆ. ಎಫ್/8 ಇಡಿ. ಒಮ್ಮೆ 270-280ಕ್ಕೆ ಇಳಿಸಿಯೂ ತೆಗೆದು ನೋಡಿ, ಕೆಲವು ಲೆನ್ಸ್‌ಗಳು ಅಲ್ಲಿ ಚುರುಕಾಗುತ್ತವೆ.

ನಿಮ್ಮ ಸಾಮಾನಿನ ಮಿತಿಯನ್ನೂ ಹೇಳಿಬಿಡುತ್ತೇನೆ. ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಅಷ್ಟೇ. ಲೆನ್ಸಿನ ಮಿ.ಮೀ.ಯನ್ನು 110ರಿಂದ ಭಾಗಿಸಿದರೆ ಸೆನ್ಸರ್ ಮೇಲೆ ಬೀಳುವ ಚಂದ್ರನ ಅಳತೆ ಸಿಗುತ್ತೆ. 300ಕ್ಕೆ 2.7 ಮಿ.ಮೀ., ಹೆಚ್ಚುಕಮ್ಮಿ ಒಂದು ಎಳ್ಳುಕಾಳು. ಸೆನ್ಸರಿನ ಒಂದು ಪಿಕ್ಸೆಲ್ 4 ಮೈಕ್ರಾನ್ ಇದೆ ಅಂತಿಟ್ಟುಕೊಂಡರೆ ಇಡೀ ಚಂದ್ರ ಸುಮಾರು 680 ಪಿಕ್ಸೆಲ್ ಅಗಲ. ಒಂದು ಪಿಕ್ಸೆಲ್‌ಗೆ ಚಂದ್ರನ ನೆಲದಲ್ಲಿ 5 ಕಿ.ಮೀ. ಇದರಿಂದ ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್ ಬರಲ್ಲ. ಆದರೆ ನೂರು ಕಿ.ಮೀ. ಅಗಲದ ಕುಳಿ ಇಪ್ಪತ್ತು ಪಿಕ್ಸೆಲ್ ಆಗುತ್ತೆ. ಅದರ ಅಂಚು, ಒಳಗಿನ ನೆರಳು, ಬೆಳಕು ಚೆನ್ನಾಗಿದ್ದರೆ ನಡುವಿನ ಗುಡ್ಡದ ಚುಕ್ಕಿಯೂ ಸಿಗುತ್ತೆ. ನಿಮಗೆ ಈಗ ಸಿಗದೇ ಇರುವುದು ಇದೇ, ಅಲ್ವಾ?

ಮುಂದಿನ ಸಲ ತೆಗೆದ ಮೇಲೆ ಕಂಪ್ಯೂಟರಿನಲ್ಲಿ ಪೂರ್ತಿ ದೊಡ್ಡದು ಮಾಡಿ, ಮಸುಕು ಯಾವ ಥರದ್ದು ಅಂತ ನೋಡಿ. ನನಗೆ ಇದು ಅಭ್ಯಾಸವಾಗಿಬಿಟ್ಟಿದೆ. ಪ್ರತಿಯೊಂದು ತಪ್ಪಿಗೂ ಬೇರೆ ಬೇರೆ ಗುರುತು ಇರುತ್ತೆ. ಕ್ಯಾಮೆರಾ ಅಲುಗಿದ್ದರೆ ಕುಳಿಗಳ ಅಂಚು ಒಂದೇ ದಿಕ್ಕಿನಲ್ಲಿ ಎಳೆದ ಹಾಗೆ ಅಥವಾ ಎರಡೆರಡಾಗಿ ಕಾಣುತ್ತೆ. ಮೇಲೆ ಕೆಳಗೆ ಮಸುಕು, ಎಡಬಲ ಚೆನ್ನಾಗಿದೆ ಅನ್ನುವ ಥರ. ಫೋಕಸ್ ತಪ್ಪಿದ್ದರೆ ಸುತ್ತಲೂ ಸಮನಾಗಿ ಮೆತ್ತಗಿರುತ್ತೆ, ಅಂಚಿಗೆ ನೇರಳೆ ಅಥವಾ ಹಸಿರು ಬಣ್ಣದ ಗೆರೆಯೂ ಸೇರಿಕೊಳ್ಳಬಹುದು. ಲೆನ್ಸಿಗೂ ಚಂದ್ರನಿಗೂ ನಡುವಿನ ಗಾಳಿ ಕಲಕುತ್ತಿದ್ದರೆ ಒಂದೇ ಚಿತ್ರದಲ್ಲಿ ಒಂದು ಕಡೆ ಚುರುಕು, ಇನ್ನೊಂದು ಕಡೆ ಕಲಸಿದ ಹಾಗೆ. ಮರುಕ್ಷಣದ ಚಿತ್ರದಲ್ಲಿ ಆ ಜಾಗಗಳು ಅದಲುಬದಲಾಗಿರುತ್ತವೆ. ಚಂದ್ರನ ಅಂಚು ಸಾಣೆ ಹಿಡಿಯದ ಕತ್ತಿಯ ಹಾಗೆ ಸಣ್ಣಗೆ ಅಂಕುಡೊಂಕಾಗಿರುತ್ತೆ. ಯಾವ ಗುರುತು ಕಂಡಿತೋ ಅದನ್ನು ಮಾತ್ರ ಸರಿಮಾಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗಲ್ಲ.

ನಿಮ್ಮ 1/25ಕ್ಕೆ ಮೊದಲ ಗುರುತು ಸಿಕ್ಕೇ ಸಿಗುತ್ತೆ ಅನ್ನುವುದು ನನ್ನ ಊಹೆ. 300 ಮಿ.ಮೀ. ಲೆನ್ಸಿನ ಮುಂತುದಿ ಒಂದು ತಲೆಗೂದಲಿನ ದಪ್ಪದಷ್ಟು ಅಲುಗಿದರೆ ಸಾಕು, ಚಿತ್ರ ಸುಮಾರು ಇಪ್ಪತ್ತು ಪಿಕ್ಸೆಲ್ ಜರುಗುತ್ತೆ. ಅಂದರೆ ಒಂದು ದೊಡ್ಡ ಕುಳಿಯಷ್ಟು. ಡಿಎಸ್‌ಎಲ್‌ಆರ್‌ನಲ್ಲಿ ಬಟನ್ ಒತ್ತಿದಾಗ ಒಳಗಿನ ಕನ್ನಡಿ ಮೇಲಕ್ಕೆ ಹೊಡೆಯುತ್ತೆ, ಆ ಅದುರು 1/25ರಂಥ ಶಟರ್‌ನಲ್ಲಿ ಪೂರ್ತಿ ದಾಖಲಾಗುತ್ತೆ. 1/250ಕ್ಕೆ ಹೋದರೆ ಅದರ ಬಹುಭಾಗ ತಪ್ಪುತ್ತೆ. ಐಎಸ್‌ಒ 100ರಿಂದ 400ಕ್ಕೆ ಏರಿದರೂ ಪರವಾಗಿಲ್ಲ. ಸ್ವಲ್ಪ ಕಾಳುಕಾಳಾಗಿ ಬಂದರೆ ಆಮೇಲೆ ಸರಿಮಾಡಬಹುದು, ಅಲುಗಿದ್ದನ್ನು ಯಾರೂ ಸರಿಮಾಡಲಾಗಲ್ಲ.

ಒಂದು ಚಿಕ್ಕ ಪರೀಕ್ಷೆ ಮಾಡಿ. ಲೈವ್ ವ್ಯೂ (ಹಿಂದಿನ ಪರದೆಯಲ್ಲೇ ನೇರವಾಗಿ ನೋಡುವುದು) ಹಾಕಿ, ಚಂದ್ರನ ಅಂಚನ್ನು ಪರದೆಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ. ಬೆರಳಿನ ತುದಿಯಿಂದ ಲೆನ್ಸನ್ನು ಒಮ್ಮೆ ಮೆಲ್ಲಗೆ ತಟ್ಟಿ, ಮನಸ್ಸಿನಲ್ಲೇ ಎಣಿಸಿ. ಚಂದ್ರ ನಡುಗುತ್ತಾನೆ, ತೂಗುತ್ತಾನೆ, ಆಮೇಲೆ ನಿಲ್ಲುತ್ತಾನೆ. ನನ್ನ ಮೊದಲ ಟ್ರೈಪಾಡಿನಲ್ಲಿ ನಿಲ್ಲಲು ನಾಲ್ಕು ಸೆಕೆಂಡ್ ಬೇಕಿತ್ತು. ನಾನು ಎರಡು ಸೆಕೆಂಡಿನ ಟೈಮರ್ ಇಟ್ಟು, ಎಲ್ಲ ಸರಿಯಾಗಿ ಮಾಡಿದ್ದೇನಲ್ಲ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಹಗುರ ಟ್ರೈಪಾಡ್‌ಗೆ ಹತ್ತು ಸೆಕೆಂಡಿನ ಟೈಮರ್ರೇ ಸರಿ. ಲೈವ್ ವ್ಯೂನಲ್ಲೇ ತೆಗೆದರೆ ಬಹಳ ಕ್ಯಾಮೆರಾಗಳಲ್ಲಿ ಕನ್ನಡಿ ಮೊದಲೇ ಮೇಲಿರುತ್ತೆ, ಇಲ್ಲದಿದ್ದರೆ ಮಿರರ್ ಲಾಕ್ ಅಂತ ಮೆನುವಿನಲ್ಲಿ ಹುಡುಕಿ. ನಡುವಿನ ಕಂಬ ಪೂರ್ತಿ ಕೆಳಗೆ ಇಳಿಸಿ. ಸಣ್ಣ ಕಾಲುಗಳನ್ನು ಎಳೆಯಲೇಬೇಡಿ, ಕೂತು ತೆಗೆದರೂ ಸರಿ. ಕ್ಯಾಮೆರಾದ ಪಟ್ಟಿ ಬಿಚ್ಚಿಡಿ, ಗಾಳಿಗೆ ಅದು ಪಟಪಟ ಹೊಡೆದುಕೊಂಡರೆ ಸಾಕು ಚಿತ್ರ ಹಾಳು. ಲೆನ್ಸ್‌ನಲ್ಲಿ ಸ್ಟೆಬಿಲೈಜೇಶನ್ (ಕೈ ಅಲುಗಾಟ ತಡೆಯುವ ವ್ಯವಸ್ಥೆ) ಇದ್ದರೆ ಟ್ರೈಪಾಡ್ ಮೇಲೆ ಆಫ್ ಮಾಡಿ. ಮುಂದಿನ ಯುವಿ ಫಿಲ್ಟರ್ ತೆಗೆದುಬಿಡಿ, ಚಂದ್ರನಂಥ ಹೊಳೆಯುವ ವಸ್ತುವಿಗೆ ಅದು ಮಂಕು ನೆರಳೊಂದನ್ನು ಸೇರಿಸುತ್ತೆ.

ತಾರಸಿಯ ಬಗ್ಗೆ ಒಂದು ಮಾತು. ಒಮ್ಮೆ ಅರ್ಧ ಗಂಟೆ ತೆಗೆದ ಚಿತ್ರಗಳೆಲ್ಲ ಎರಡೆರಡು ಅಂಚಿನವು. ಆಮೇಲೆ ಕೆಳಗಿನಿಂದ ಮೋಟಾರಿನ ಸದ್ದು ಕಿವಿಗೆ ಬಿತ್ತು. ಸಂಪಿನಿಂದ ಟ್ಯಾಂಕಿಗೆ ನೀರು ಏರುತ್ತಿತ್ತು, ನಾನು ಟ್ರೈಪಾಡ್ ಇಟ್ಟಿದ್ದು ಆ ಪೈಪಿನ ಪಕ್ಕದಲ್ಲೇ. ಮೋಟಾರ್ ನಿಂತ ಮೇಲೆ ಅದೇ ಸೆಟ್ಟಿಂಗ್‌ನಲ್ಲಿ ಅಂಚು ಒಂದೇ ಆಯಿತು. ಯಾರಾದರೂ ತಾರಸಿ ಮೇಲೆ ನಡೆದಾಡಿದರೂ ಹೀಗೇ ಆಗುತ್ತೆ. ಟ್ರೈಪಾಡನ್ನು ಗೋಡೆ ಅಥವಾ ಕಂಬದ ಮೇಲೆಯೇ ಬರುವ ಜಾಗಕ್ಕೆ ಸರಿಸಿ, ಚಪ್ಪಡಿಯ ನಟ್ಟನಡುವೆ ಬೇಡ.

ಫೋಕಸ್‌ಗೆ ಬರೋಣ. ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬೇಡಿ. ಬಹಳ ಲೆನ್ಸ್‌ಗಳು ಅದನ್ನೂ ದಾಟಿ ತಿರುಗುತ್ತವೆ. ಚಂದ್ರನ ಅಂಚಿನ ಮೇಲೆ ನಡುವಿನ ಒಂದು ಬಿಂದು ಇಟ್ಟು ಆಟೋ ಫೋಕಸ್ ಮಾಡಿ, ಹಿಡಿದ ತಕ್ಷಣ ಮ್ಯಾನ್ಯುಯಲ್‌ಗೆ ಬದಲಿಸಿ. ಆಮೇಲೆ ಲೈವ್ ವ್ಯೂ ಹತ್ತು ಪಟ್ಟು ದೊಡ್ಡದು ಮಾಡಿ, ಕೈಯಿಂದ ಸರಿಮಾಡಿ. ಈಗ ಅಂಚನ್ನು ನೋಡಬೇಡಿ, ಬೆಳಕು ಕತ್ತಲು ಸೇರುವ ಗೆರೆಯ ಮೇಲಿನ ಒಂದು ಕುಳಿ ಆರಿಸಿಕೊಳ್ಳಿ. ರಿಂಗನ್ನು ಮೆಲ್ಲಗೆ ತಿರುಗಿಸಿ, ಕುಳಿ ಚುರುಕಾಗಿ ಮತ್ತೆ ಮೆತ್ತಗಾಗುವವರೆಗೆ ಹೋಗಿ. ಆಮೇಲೆ ವಾಪಸ್ ಬನ್ನಿ. ಹೀಗೆ ಎರಡು ಮೂರು ಸಲ ದಾಟಿ ಬಂದರೆ ಸರಿಯಾದ ಜಾಗ ಕೈಗೇ ಗೊತ್ತಾಗುತ್ತೆ. ಆ ಜಾಗದಲ್ಲಿ ಒಂದು, ಕೂದಲೆಳೆಯಷ್ಟು ಆಚೆ ಒಂದು, ಈಚೆ ಒಂದು ತೆಗೆಯಿರಿ. ಸಂಜೆ ತಣ್ಣಗಾಗುತ್ತಾ ಹೋದ ಹಾಗೆ ಲೆನ್ಸಿನ ಫೋಕಸ್ ಜರುಗುತ್ತೆ, ಅರ್ಧ ಗಂಟೆಗೊಮ್ಮೆ ಮತ್ತೆ ನೋಡಿ. ಇನ್ನೊಂದು ವಿಷಯ. ಚಂದ್ರ ನೆತ್ತಿ ಮೇಲಿದ್ದಾಗ ಲೆನ್ಸ್ ಆಕಾಶ ನೋಡುತ್ತಿರುತ್ತೆ, 70-300ರಂಥ ಜೂಮ್ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಜಾರುತ್ತೆ. ಜೊತೆಗೆ ಫೋಕಸ್ಸೂ ಹೋಗುತ್ತೆ. ಎಲೆಕ್ಟ್ರಿಷಿಯನ್ ಬಳಸುವ ಇನ್ಸುಲೇಶನ್ ಟೇಪ್ ಒಂದು ತುಂಡು ಅಂಟಿಸಿಬಿಡಿ.

ಗಾಳಿ. ಬೇಸಿಗೆಯ ಮಧ್ಯಾಹ್ನ ಟಾರು ರಸ್ತೆಯ ಮೇಲೆ ದೂರದ ಬಸ್ಸು ನೀರಿನಲ್ಲಿ ತೇಲಿದ ಹಾಗೆ ಕಾಣುತ್ತಲ್ಲ, ಅದೇ ಬಿಸಿ ಗಾಳಿ ರಾತ್ರಿ ನಿಮ್ಮ ಲೆನ್ಸಿನ ಮುಂದೆಯೂ ಇರುತ್ತೆ. ಕಾಂಕ್ರೀಟು ತಾರಸಿ ಹಗಲೆಲ್ಲ ಬಿಸಿಲು ಕುಡಿದು, ಗಂಟೆಗಟ್ಟಲೆ ಅದನ್ನು ಬಿಡುತ್ತಿರುತ್ತೆ. ಪಕ್ಕದ ಮನೆಯ ಶೀಟಿನ ಮಾಡು, ಎಸಿಯ ಹೊರಗಿನ ಡಬ್ಬ, ಹೋಟೆಲಿನ ಚಿಮಣಿ ಇವುಗಳ ಮೇಲಿನಿಂದ ಚಂದ್ರನನ್ನು ನೋಡಿದರೆ ಮುಗಿದೇಹೋಯಿತು. ಹತ್ತು ಪಟ್ಟು ದೊಡ್ಡದು ಮಾಡಿದ ಪರದೆಯಲ್ಲಿ ಚಂದ್ರನ ಅಂಚು, ಹರಿಯುವ ಹೊಳೆಯ ತಳದ ಕಲ್ಲಿನ ಹಾಗೆ ಅಲೆಯುತ್ತಿರುತ್ತೆ. ಆಗ ಫೋಕಸ್ ಎಷ್ಟೇ ತಿರುಗಿಸಿದರೂ ಪ್ರಯೋಜನ ಇಲ್ಲ. ಹುಲ್ಲಿರುವ ಮೈದಾನ, ತೋಟ, ಮಣ್ಣಿನ ಅಂಗಳಕ್ಕೆ ಹೋಗಿ. ಮನೆಯ ಕಿಟಕಿಯಿಂದಂತೂ ಬೇಡ.

ಚಂದ್ರ ಎಷ್ಟು ಮೇಲಿದ್ದಾನೆ ಅನ್ನುವುದೂ ಅಷ್ಟೇ ಮುಖ್ಯ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಮೂರು ಮುಷ್ಟಿ ಮೇಲಿದ್ದರೆ ಅವನ ಬೆಳಕು ನೆತ್ತಿಯ ಮೇಲಿದ್ದಾಗಿನ ಎರಡು ಪಟ್ಟು ಗಾಳಿ ದಾಟಿ ಬರುತ್ತೆ. ಒಂದೇ ಮುಷ್ಟಿ ಮೇಲಿದ್ದರೆ ಐದು ಪಟ್ಟಿಗೂ ಜಾಸ್ತಿ. ಹುಣ್ಣಿಮೆ ದಿನ ಸಂಜೆ ತೆಂಗಿನ ಮರದ ಹಿಂದೆ ಕೆಂಪಗೆ ಏಳುವ ಚಂದ್ರನನ್ನು ಖಂಡಿತ ತೆಗೆಯಿರಿ, ಆ ಚೆಲುವೇ ಬೇರೆ. ಆದರೆ ಆ ಚಿತ್ರದಲ್ಲಿ ಕುಳಿ ಹುಡುಕಬೇಡಿ.

ಈ ವಿಷಯದಲ್ಲಿ ಕರ್ನಾಟಕದಲ್ಲಿರುವ ನಾವು ಪುಣ್ಯವಂತರು. ಬೆಂಗಳೂರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕಿದೆ. ಚಂದ್ರ ಎಷ್ಟೇ ದಕ್ಷಿಣಕ್ಕೆ ವಾಲಿದ ದಿನದಲ್ಲೂ, ದಿನದ ಅತಿ ಎತ್ತರದ ಜಾಗಕ್ಕೆ ಬಂದಾಗ ನಮಗೆ ಸುಮಾರು 48 ಡಿಗ್ರಿ ಮೇಲಿರುತ್ತಾನೆ. ಅಂಥ ದಿನ ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಅವನು ಒಂದು ಮುಷ್ಟಿ ಎತ್ತರಕ್ಕೆ ಬಂದು ಇಳಿದುಹೋಗುತ್ತಾನೆ. ನಾವು ಮಾಡಬೇಕಾದ್ದು ಇಷ್ಟೇ, ಅವನು ಮೇಲೆ ಬರುವ ಹೊತ್ತಿಗೆ ಕಾಯುವುದು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ಗೋಡೆಯ ಕ್ಯಾಲೆಂಡರ್. ಹುಣ್ಣಿಮೆ ದಿನ ಸೂರ್ಯ ನಮ್ಮ ಬೆನ್ನ ಹಿಂದಿನಿಂದ ಚಂದ್ರನಿಗೆ ನೇರ ಬೆಳಕು ಹೊಡೆಯುತ್ತಾನೆ. ಎಲ್ಲೂ ನೆರಳೇ ಇಲ್ಲ. ಫ್ಲ್ಯಾಶ್ ಹಾಕಿ ತೆಗೆದ ಮುಖದ ಹಾಗೆ ಚಪ್ಪಟೆ. ಕುಳಿಗಳ ಅಂಚು ಕಾಣುವುದು ನೆರಳಿನಿಂದ. ನೆರಳು ಉದ್ದವಾಗಿರುವುದು ಚಂದ್ರನ ಹಗಲು ರಾತ್ರಿ ಸೇರುವ ಗೆರೆಯ ಹತ್ತಿರ, ಅಲ್ಲಿ ಸೂರ್ಯ ಆಗತಾನೇ ಹುಟ್ಟುತ್ತಿರುತ್ತಾನೆ. ಹುಣ್ಣಿಮೆಯಲ್ಲಿ ಆ ಗೆರೆ ನಮಗೆ ಕಾಣಲ್ಲ. ನಿಮ್ಮ ಚಿತ್ರದಲ್ಲಿ ಕುಳಿಯ ಅಂಚು ಸಿಗದಿದ್ದಕ್ಕೆ ಇದೂ ದೊಡ್ಡ ಕಾರಣ. ಆವತ್ತು ಅಲ್ಲಿ ಅಂಚನ್ನು ಬಿಡಿಸಿ ತೋರಿಸುವ ಬೆಳಕೇ ಇರಲಿಲ್ಲ.

ಆ ಗೆರೆ ಯಾವ ದಿನ ಎಲ್ಲಿದೆ ಅಂತ ತಿಥಿಯೇ ಹೇಳುತ್ತೆ. ತಿಥಿ ಅಂದರೆ ಸೂರ್ಯ ಚಂದ್ರರ ನಡುವಿನ ಅಂತರ 12 ಡಿಗ್ರಿ ಬೆಳೆಯಲು ಬೇಕಾದ ಹೊತ್ತು. ಶುಕ್ಲ ಅಷ್ಟಮಿ 84 ಡಿಗ್ರಿಗೆ ಶುರುವಾಗಿ 96ಕ್ಕೆ ಮುಗಿಯುತ್ತೆ, ಅದರ ನಟ್ಟನಡುವೆ 90 ಡಿಗ್ರಿಯಲ್ಲಿ ಸರಿಯಾಗಿ ಅರ್ಧಚಂದ್ರ. ಅಜ್ಜಿಯರು ಉಪವಾಸಕ್ಕೆ ನೋಡುತ್ತಿದ್ದ ಅದೇ ಕ್ಯಾಲೆಂಡರ್ ನಮಗೆ ಯಾವ ಕುಳಿಯಲ್ಲಿ ಸೂರ್ಯ ಹುಟ್ಟುತ್ತಾನೆ ಅಂತ ಹೇಳುತ್ತೆ. ಷಷ್ಠಿಯ ಸಂಜೆ ಥಿಯೋಫಿಲಸ್ ಅನ್ನುವ ನೂರು ಕಿ.ಮೀ. ಆಸುಪಾಸಿನ ಕುಳಿ, ಪಕ್ಕದ ಸಿರಿಲಸ್ ಮತ್ತು ಕ್ಯಾಥರೀನಾ ಜೊತೆ ಗೆರೆಯ ಹತ್ತಿರ ಬರುತ್ತೆ. ಅಷ್ಟಮಿಗೆ ಚಂದ್ರನ ನಡುವಿನಲ್ಲಿ ಟಾಲೆಮಿಯಸ್, ಆಲ್ಫೋನ್ಸಸ್, ಆರ್ಜಾಕೆಲ್ ಮೂರೂ ಸಾಲಾಗಿ ನಿಲ್ಲುತ್ತವೆ. ಟಾಲೆಮಿಯಸ್ 150 ಕಿ.ಮೀ. ದಾಟಿದ ಅಗಲ, ನಿಮ್ಮ 300ಕ್ಕೆ ಹೇಳಿ ಮಾಡಿಸಿದ್ದು. ದಶಮಿಗೆ 93 ಕಿ.ಮೀ. ಅಗಲದ ಕೋಪರ್ನಿಕಸ್ ಬೆಳಗುತ್ತೆ. ಏಕಾದಶಿಗೆ ಗಾಸೆಂಡಿ. ಟೈಕೋ ಕುಳಿಯಿಂದ ಹೊರಡುವ ಉದ್ದನೆಯ ಬಿಳಿ ಕಿರಣಗಳು ಮಾತ್ರ ಹುಣ್ಣಿಮೆಯಲ್ಲೇ ಚೆನ್ನ, ಯಾಕಂದ್ರೆ ಅವು ಏರುತಗ್ಗಲ್ಲ, ಬಣ್ಣದ ವ್ಯತ್ಯಾಸ. ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಹಾಕಿರುವುದು ಸೂರ್ಯೋದಯದ ತಿಥಿ ಅನ್ನುವುದು ನೆನಪಿರಲಿ. ಸಂಜೆಯೊಳಗೆ ಅದು ಮುಗಿದಿರಬಹುದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ಹೊತ್ತನ್ನೂ ನೋಡಿ.

ಅಷ್ಟಮಿಗೆ ಹುಣ್ಣಿಮೆಯ ಸೆಟ್ಟಿಂಗ್ ನಡೆಯಲ್ಲ. ಅರ್ಧಚಂದ್ರ ಅಂದರೆ ಅರ್ಧ ಬೆಳಕು ಅಂದ್ಕೊಳ್ತೀವಿ, ಆದರೆ ಅವನು ಹುಣ್ಣಿಮೆ ಚಂದ್ರನ ಹತ್ತರಲ್ಲಿ ಒಂದು ಪಾಲಿನಷ್ಟೇ ಬೆಳಗುತ್ತಾನೆ. ನೆರಳುಗಳು ಅಷ್ಟು ಬೆಳಕನ್ನು ತಿಂದುಹಾಕುತ್ತವೆ. ಹುಣ್ಣಿಮೆಗೆ ಎಫ್/8, ಐಎಸ್‌ಒ 200, 1/400 ಇಟ್ಟರೆ ಅಷ್ಟಮಿಗೆ ಎಫ್/8, ಐಎಸ್‌ಒ 400, 1/250ರಿಂದ ಶುರುಮಾಡಿ. ರಾ ಫೈಲ್‌ನಲ್ಲೇ (ಕ್ಯಾಮೆರಾ ಕುಗ್ಗಿಸದ ಮೂಲ ಫೈಲ್) ತೆಗೆಯಿರಿ. ಸುಟ್ಟ ಜಾಗ ಮಿನುಗಿ ತೋರಿಸುವ ಎಚ್ಚರಿಕೆಯನ್ನು ಆನ್ ಮಾಡಿಡಿ. ಚಂದ್ರನ ಹೊರ ಅಂಚು ಮಿನುಗಿದರೆ ಶಟರ್ ವೇಗ ಒಂದು ಹೆಜ್ಜೆ ಏರಿಸಿ.

ಶುಕ್ಲ ಅಷ್ಟಮಿಯ ಚಂದ್ರ ಅತಿ ಎತ್ತರದಲ್ಲಿರುವುದು ಸೂರ್ಯ ಮುಳುಗುವ ಹೊತ್ತಿಗೆ. ಊಟ ಮುಗಿಸಿ ಹತ್ತು ಗಂಟೆಗೆ ಹೋಗುವವರು ಅವನು ಇಳಿಯುವಾಗ ಹಿಡಿಯುತ್ತಾರೆ. ಆಕಾಶ ಇನ್ನೂ ನೀಲಿ ಇದ್ದರೂ ಪರವಾಗಿಲ್ಲ, ಆಗಲೇ ತೆಗೆಯಿರಿ. ಮಾರ್ಚ್ ಆಸುಪಾಸಿನ ಅಷ್ಟಮಿಯಲ್ಲಂತೂ ಅವನು ಹೆಚ್ಚುಕಮ್ಮಿ ನೆತ್ತಿಯ ಹತ್ತಿರವೇ ಇರುತ್ತಾನೆ.

ಇನ್ನೂ ಒಳ್ಳೆಯದು ಬೇಕು ಅಂದರೆ ಕೃಷ್ಣ ಅಷ್ಟಮಿಗೆ ಅಲಾರಂ ಇಡಿ. ಆವತ್ತಿನ ಚಂದ್ರ ನಡುರಾತ್ರಿಗೆ ಹುಟ್ಟಿ ಬೆಳಗಿನ ಜಾವಕ್ಕೆ ಮೇಲೆ ಬರುತ್ತಾನೆ. ಅಷ್ಟು ಹೊತ್ತಿಗೆ ತಾರಸಿ ಪೂರ್ತಿ ತಣ್ಣಗಾಗಿರುತ್ತೆ. ರಸ್ತೆ, ಮಾಡು, ಗೋಡೆ ಎಲ್ಲ ತಣ್ಣಗೆ. ಮಳೆ ಬಿಡುವು ಕೊಟ್ಟರೆ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರಿನ ಕೃಷ್ಣ ಅಷ್ಟಮಿಯಲ್ಲಿ ಅವನು ನೆತ್ತಿಯ ಹತ್ತಿರ ಹಾಯುತ್ತಾನೆ. ನನ್ನ ಹತ್ತಿರ ಇರುವ ಒಳ್ಳೆಯ ಚಿತ್ರಗಳಲ್ಲಿ ಹೆಚ್ಚಿನವು ಬೆಳಗಿನ ಐದು ಗಂಟೆಯವು. ಒಂದು ಸಲ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಾಗ ಅಂಚು ಅಲುಗಲೇ ಇಲ್ಲ. ಲೈವ್ ವ್ಯೂ ನಿಂತುಹೋಗಿದೆ ಅಂದ್ಕೊಂಡು ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದೆ. ನಿಂತಿರಲಿಲ್ಲ. ಗಾಳಿಯೇ ಅಷ್ಟು ಶಾಂತವಾಗಿತ್ತು. ಬಯಲುಸೀಮೆಯಲ್ಲಿ ಇಂಥ ಬೆಳಗು ಸಿಗುತ್ತೆ. ಮಲೆನಾಡಿನಲ್ಲಿ ಮಂಜು ಮುಸುಕಿದರೆ ಲೆನ್ಸಿನ ಮುಂಗಾಜಿನ ಮೇಲೆ ಇಬ್ಬನಿ ಕೂರುತ್ತೆ, ಆಗಾಗ ಬೆಳಕು ಹಾಕಿ ನೋಡಿಕೊಳ್ಳಿ.

ಸ್ವಚ್ಛ ಆಕಾಶ ಬೇರೆ, ನಿಂತ ಗಾಳಿ ಬೇರೆ. ಮಳೆ ತೊಳೆದ ಮರುದಿನ ನಕ್ಷತ್ರಗಳು ಮಿಣಮಿಣ ಅನ್ನುತ್ತಿದ್ದರೆ ನೋಡಲು ಚಂದ, ಆದರೆ ಮೇಲೆ ಗಾಳಿ ಕಲಕುತ್ತಿದೆ ಅಂತ ಅರ್ಥ. ತೆಳ್ಳಗೆ ಮಬ್ಬಿದ್ದು ನಕ್ಷತ್ರಗಳು ಅಲುಗದೆ ಉರಿಯುತ್ತಿದ್ದರೆ ಕ್ಯಾಮೆರಾ ತಗೊಂಡು ಹೊರಡಿ.

ಒಂದೇ ಚಿತ್ರಕ್ಕೆ ಸುಮ್ಮನಾಗಬೇಡಿ. ಗಾಳಿ ಒಂದೊಂದು ಕ್ಷಣಕ್ಕೆ ಒಂದೊಂದು ಥರ ಇರುತ್ತೆ, ಚುರುಕಾದ ಕ್ಷಣ ಯಾವುದು ಅಂತ ಮೊದಲೇ ಗೊತ್ತಾಗಲ್ಲ. ಡೇವಿಡ್ ಫ್ರೈಡ್ ಅನ್ನುವ ವಿಜ್ಞಾನಿ 1978ರಲ್ಲಿ ಇಂಥ ಅದೃಷ್ಟದ ಕ್ಷಣ ಸಿಗುವ ಸಾಧ್ಯತೆಯನ್ನು ಲೆಕ್ಕ ಹಾಕಿ ತೋರಿಸಿದರು. ಇವತ್ತು ಗ್ರಹಗಳ ಫೋಟೊ ತೆಗೆಯುವ ಹವ್ಯಾಸಿಗಳೆಲ್ಲ ಆ ದಾರಿಯಲ್ಲೇ ಇದ್ದಾರೆ. ಮೂವತ್ತು ನಲವತ್ತು ಚಿತ್ರ ತೆಗೆಯಿರಿ. ಭೂಮಿ ತಿರುಗುವುದರಿಂದ ಚಂದ್ರ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಜರುಗುತ್ತಾನೆ, ನಡುನಡುವೆ ಕ್ಯಾಮೆರಾ ಸರಿಮಾಡಿಕೊಳ್ಳಿ. 1/250ರಲ್ಲಿ ಆ ಓಟದಿಂದ ಮಸುಕಾಗಲ್ಲ. ಆಮೇಲೆ ಆಟೋಸ್ಟಾಕರ್ಟ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ಗೆ ಕೊಟ್ಟರೆ ಅದು ಒಳ್ಳೆಯವನ್ನು ಆರಿಸಿ, ಒಂದರ ಮೇಲೊಂದು ಹೊಂದಿಸಿ, ಸರಾಸರಿ ತೆಗೆಯುತ್ತೆ. ಅದಕ್ಕೂ ಮೊದಲು ಪಿಪ್ ಅನ್ನುವ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಚಂದ್ರನನ್ನು ನಡುವಿಗೆ ತಂದು ಕತ್ತರಿಸಿಕೊಳ್ಳಬಹುದು. ನಲವತ್ತರಲ್ಲಿ ಹತ್ತು ಹನ್ನೆರಡು ಇಟ್ಟುಕೊಂಡರೆ ಸಾಕು. ಐಎಸ್‌ಒ 400ರ ಕಾಳೆಲ್ಲ ಈ ಸರಾಸರಿಯಲ್ಲಿ ಅಳಿಸಿಹೋಗುತ್ತೆ, ಆಗ ಶಾರ್ಪ್ ಮಾಡಲು ಜಾಗ ಸಿಗುತ್ತೆ.

ಶಾರ್ಪ್ ಮಾಡುವುದು ಅಂದೆ. ಇಲ್ಲಿ ಕೈ ಬಿಗಿ ಹಿಡಿಯಿರಿ. ಅನ್‌ಶಾರ್ಪ್ ಮಾಸ್ಕ್‌ನಲ್ಲಿ ರೇಡಿಯಸ್ ಒಂದು ಪಿಕ್ಸೆಲ್ ಆಸುಪಾಸು ಇಟ್ಟು ಮೆಲ್ಲಗೆ ಏರಿಸಿ. ಚಂದ್ರನ ಹೊರ ಅಂಚಿಗೆ ಬಿಳಿ ದಾರ ಕಟ್ಟಿದ ಹಾಗೆ ಕಂಡರೆ ಅಲ್ಲಿಂದ ಹಿಂದೆ ಬನ್ನಿ. ಸ್ವಲ್ಪ ಕರ್ವ್ಸ್ (ಬೆಳಕು ನೆರಳು ಹೊಂದಿಸುವ ಗೆರೆ) ಎಳೆದು ಕತ್ತಲಿನ ಗೆರೆಯ ಪಕ್ಕದ ನೆರಳನ್ನು ಎತ್ತಿದರೆ ನೋಡುವವರ ಕಣ್ಣಿಗೆ ಅದೇ ಅರ್ಧ ಚುರುಕುತನ.

ಗೆಳೆಯನ ಮೊಬೈಲ್ ನೋಡಿ ಬೇಜಾರಾಗಬೇಡಿ. ಕೆಲವು ಫೋನುಗಳ ಸಾಫ್ಟ್‌ವೇರ್ ಚೌಕಟ್ಟಿನಲ್ಲಿರುವುದು ಚಂದ್ರ ಅಂತ ಗುರುತಿಸಿ, ತಾನು ಮೊದಲೇ ಕಲಿತದ್ದರ ಆಧಾರದ ಮೇಲೆ ವಿವರಗಳನ್ನು ಎದ್ದು ಕಾಣುವ ಹಾಗೆ ಮಾಡುತ್ತೆ. ಚಂದ್ರ ನಮಗೆ ಯಾವಾಗಲೂ ಒಂದೇ ಮುಖ ತೋರಿಸುವುದರಿಂದ ಅದು ಸುಲಭ. ನಿಮ್ಮ 680 ಪಿಕ್ಸೆಲ್ಲಿನಲ್ಲಿ ಬಂದದ್ದು ಆವತ್ತು, ಆ ಹೊತ್ತಿನಲ್ಲಿ ಅಲ್ಲಿಂದ ಬಂದ ಬೆಳಕು.

600ರ ಮಾತಿಗೆ ವಾಪಸ್ ಬರುತ್ತೇನೆ. ಅದು ಚಂದ್ರನನ್ನು ಎರಡು ಪಟ್ಟು ದೊಡ್ಡದು ಮಾಡುತ್ತೆ, ಅಲುಗಾಟವನ್ನೂ ಗಾಳಿಯನ್ನೂ ಎರಡು ಪಟ್ಟು ಮಾಡುತ್ತೆ. ನಿಮ್ಮ ಈಗಿನ ಟ್ರೈಪಾಡ್ ಅದರ ಭಾರ ಹೊರಲ್ಲ. ಎಫ್/8, 1/250, ಹತ್ತು ಸೆಕೆಂಡಿನ ಟೈಮರ್‌ನಲ್ಲಿ ಎರಡು ಮೂರು ಅಷ್ಟಮಿ ತೆಗೆದು, ಅಂಚುಗಳು ಪಿಕ್ಸೆಲ್ ಪಿಕ್ಸೆಲ್ಲಿಗೂ ಚುರುಕಾಗಿವೆ, ಇನ್ನು ಪಿಕ್ಸೆಲ್ಲೇ ಸಾಲದು ಅನ್ನಿಸಿದ ದಿನ ಯೋಚಿಸಿ. ಆಗಲೂ ನಾನು ಮೊದಲು ಗಟ್ಟಿ ಟ್ರೈಪಾಡ್ ಅನ್ನುತ್ತೇನೆ. ನಿಮಗೆ ಹಕ್ಕಿ, ಕಾಡು ಬೇಡ, ಚಂದ್ರ ಮಾತ್ರ ಸಾಕು ಅಂದರೆ, 600ರ ಲೆನ್ಸಿನ ಬದಲು ಒಂದು ಚಿಕ್ಕ ಟೆಲಿಸ್ಕೋಪ್ ನೋಡಿ. 130 ಮಿ.ಮೀ. ಕನ್ನಡಿಯದು ಸರಿಯಾದ ಗಾಳಿಯಲ್ಲಿ 2 ಕಿ.ಮೀ.ಯಷ್ಟು ಸಣ್ಣ ವಿವರಕ್ಕೆ ಹತ್ತಿರ ಹೋಗುತ್ತೆ.

ಮೊದಲ ಗುರಿಯಾಗಿ ಒಂದು ಕುಳಿ ಹೇಳುತ್ತೇನೆ. ಶುಕ್ಲ ಷಷ್ಠಿಯ ಸಂಜೆ ಏಳೂವರೆ ಎಂಟರ ಹೊತ್ತಿಗೆ ಪಶ್ಚಿಮಕ್ಕೆ ತಿರುಗಿ ನಿಲ್ಲಿ. ನಮ್ಮ ಊರುಗಳಲ್ಲಿ ಆಗ ಚಂದ್ರ ದೋಣಿಯ ಹಾಗೆ ಮಲಗಿರುತ್ತಾನೆ, ಬೆಳಕು ಕೆಳಗೆ, ಕತ್ತಲು ಮೇಲೆ. ಯುರೋಪಿನ ನಕ್ಷೆಗಳಲ್ಲಿ ನೆಟ್ಟಗೆ ನಿಂತಿರುತ್ತಾನೆ, ಗಲಿಬಿಲಿ ಬೇಡ. ದೋಣಿಯ ಬಲತುದಿ ಚಂದ್ರನ ಉತ್ತರ, ಎಡತುದಿ ದಕ್ಷಿಣ. ಆ ಎಡತುದಿಯ ಹತ್ತಿರ, ಗೆರೆಯ ಪಕ್ಕದಲ್ಲಿ ಮ್ಯಾಂಜಿನಸ್ ಅಂತ ಒಂದು ಕುಳಿ ಇದೆ, ಪಕ್ಕದಲ್ಲೇ ಸ್ವಲ್ಪ ಚಿಕ್ಕದಾದ ಮ್ಯೂಟಸ್. ಮ್ಯಾಂಜಿನಸ್ 98 ಕಿ.ಮೀ. ಅಗಲ. ಆದರೆ ಚಂದ್ರನ ಬದಿಯಲ್ಲಿರುವುದರಿಂದ ನಮಗೆ ಓರೆಯಾಗಿ, ಹಿಸುಕಿದ ಬಳೆಯ ಹಾಗೆ ಕಾಣುತ್ತೆ. ನಿಮ್ಮ ಲೆನ್ಸಿನಲ್ಲಿ 19 ಪಿಕ್ಸೆಲ್ ಉದ್ದ, 7 ಪಿಕ್ಸೆಲ್ ಅಗಲ. ಅದರ ನಡುವಿನಿಂದ ಸುಮಾರು 80 ಕಿ.ಮೀ. ದೂರದಲ್ಲಿ 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿಯಿತು. ಲ್ಯಾಂಡರ್ ಕಾಣಲ್ಲ, ಭೂಮಿಯ ಯಾವ ಟೆಲಿಸ್ಕೋಪಿಗೂ ಕಾಣಲ್ಲ. ಆದರೆ ಆ ಬಳೆಯ ಕಪ್ಪು ಹೊಟ್ಟೆ, ಬಿಳಿ ಅಂಚು ಎರಡೂ ನಿಮ್ಮ ಚಿತ್ರದಲ್ಲಿ ಬೇರೆಬೇರೆಯಾಗಿ ಕಂಡರೆ ಫೋಕಸ್, ಟ್ರೈಪಾಡ್, ಗಾಳಿ ಮೂರೂ ಆವತ್ತು ಸರಿಯಾಗಿದ್ದವು ಅಂತ ತಿಳಿಯಿರಿ. ಕಾಣದಿದ್ದರೆ ಮಸುಕು ಯಾವ ಥರದ್ದು ಅಂತ ನೋಡಿ, ಸೆಟ್ಟಿಂಗ್ ಜೊತೆ ಬರೆದು ಕಳಿಸಿ.